ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹೋಗಿಲ್ಲ: ಮುಂದೇನು ಮಾಡುವುದು?

ನಾಟಿ ಮುಗಿದ ವಾರ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಯಾವ ಔಷಧ ಅಂಗಡಿಯ ಮುಂದೆ ನಿಂತರೂ ಒಂದೇ ಮಾತು ಕೇಳಿಸುತ್ತದೆ: "ಮೈ ಕೈ ನೋವಿಗೆ ಎರಡು ಗುಳಿಗಿ ಕೊಡ್ರಿ." ಹಗಲೆಲ್ಲ ಕೆಸರಿನಲ್ಲಿ ಬಗ್ಗಿ ನಿಂತವರಿಗೆ ಆ ನೋವು ಸಹಜ. ಎರಡು ದಿನ ಮಲಗೆದ್ದರೆ ಇಳಿಯುತ್ತದೆ. ನಾನು ಬರೆಯಹೊರಟಿರುವುದು ನಾಟಿ ಮುಗಿದು, ಕಳೆ ಮುಗಿದು, ಕೊಯ್ಲು ಮುಗಿದರೂ ಇಳಿಯದ ನೋವಿನ ಬಗ್ಗೆ.

ನನಗೆ ಅದು ಶುರುವಾದದ್ದು ಒಂದು ಜ್ವರದ ನಂತರ. ಜ್ವರ ವಾರದಲ್ಲಿ ಹೋಯಿತು, ನೋವು ಉಳಿಯಿತು. ಮೊದಲು ಹೆಗಲು, ಆಮೇಲೆ ಸೊಂಟ, ತೊಡೆ, ಕೊನೆಗೆ ಎಲ್ಲಿ ಮುಟ್ಟಿದರೂ ನೋವು. ಎಂಟು ತಾಸು ಮಲಗಿ ಎದ್ದರೂ ರಾತ್ರಿಯಿಡೀ ಮೂಟೆ ಹೊತ್ತವಳ ಹಾಗೆ ಮೈ ಭಾರ. ಶಾಲೆಯಲ್ಲಿ ಹಾಜರಿ ಕರೆಯುವಾಗ ದಿನವೂ ಕಾಣುವ ಮಕ್ಕಳ ಹೆಸರೇ ನೆನಪಿಗೆ ಬರುತ್ತಿರಲಿಲ್ಲ. ರಕ್ತ ಕೊಟ್ಟೆ, ಎಕ್ಸ್‌ರೇ ತೆಗೆಸಿದೆ, ಎಲ್ಲವೂ ನಾರ್ಮಲ್. ಒಂದು ಕ್ಲಿನಿಕ್‌ನಲ್ಲಿ ಪ್ರತಿ ಸೋಮವಾರ ಸೊಂಟಕ್ಕೊಂದು ಸೂಜಿ ಚುಚ್ಚಿದರು. ಏಳು ತಿಂಗಳಾದರೂ ಆ ಸೂಜಿ ಯಾವುದೆಂದು ಯಾರೂ ಹೇಳಲಿಲ್ಲ. ಇನ್ನೊಂದು ಕಡೆ, "ಏನೂ ಇಲ್ಲಮ್ಮ, ಮನಸ್ಸಿಗೆ ಹಚ್ಚಿಕೊಂಡೀರಿ" ಎಂದು ಕಳಿಸಿದರು. ಮನೆಗೆ ಬಂದು ಅತ್ತೆ. ನೋವಿಗಲ್ಲ, ನನ್ನ ಮಾತನ್ನು ಯಾರೂ ನಂಬಲಿಲ್ಲವಲ್ಲ ಎಂದು.

ಮೂರು ವರ್ಷದ ನಂತರ ಒಬ್ಬ ವೈದ್ಯೆ ಅರ್ಧ ಗಂಟೆ ಕೂತು ಕೇಳಿ ಹೆಸರು ಹೇಳಿದರು: ಫೈಬ್ರೊಮಯಾಲ್ಜಿಯಾ. ಅಷ್ಟು ಹೊತ್ತಿಗೆ ನಾನು ಮಾಡಿದ ತಪ್ಪುಗಳನ್ನು ನೀವು ಮಾಡಬೇಕಿಲ್ಲ.

ಮೊದಲು, ಇದು ಏನೆಂದು ತಿಳಿಯಿರಿ

ನೂರು ಜನರಲ್ಲಿ ಸುಮಾರು ಎರಡರಿಂದ ನಾಲ್ಕು ಮಂದಿಗೆ ಇದು ಇರಬಹುದೆಂಬ ಅಂದಾಜಿದೆ. ಹೆಂಗಸರಲ್ಲಿ ಹೆಚ್ಚು, ಗಂಡಸರಿಗೂ ಬರುತ್ತದೆ. ಕೀಲು ಊದುವುದಿಲ್ಲ, ಮೂಳೆ ಸವೆಯುವುದಿಲ್ಲ, ಅದಕ್ಕೇ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಕೆಟ್ಟಿರುವುದು ನೋವಿನ ಸುದ್ದಿಯನ್ನು ಹೊತ್ತು, ಅಳೆದು, ತಡೆಯುವ ನರವ್ಯವಸ್ಥೆಯ ಕೆಲಸ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನವರಿಗೆ ಇದನ್ನು ಹೇಳುವುದು ಸುಲಭ. ನೀರು ಎಷ್ಟು ಬಿಡಬೇಕೆಂದು ತೂಬಿನ ಹತ್ತಿರ ನೀರಗಂಟಿ ನಿಂತಿರುತ್ತಾನೆ. ಬೆನ್ನುಹುರಿ ಮತ್ತು ಮಿದುಳಿನಲ್ಲೂ ಅಂಥ ಕಾವಲಿದೆ. ಸಣ್ಣಪುಟ್ಟ ಒತ್ತಡ, ಬಟ್ಟೆಯ ಬಿಗಿತ, ಚಳಿ ಇವನ್ನೆಲ್ಲ ಅದು ಅಲ್ಲೇ ತಡೆಯುತ್ತದೆ. ಫೈಬ್ರೊಮಯಾಲ್ಜಿಯಾದಲ್ಲಿ ತೂಬು ಎತ್ತಿದ್ದು ಎತ್ತಿದ ಹಾಗೇ ಉಳಿದುಬಿಡುತ್ತದೆ. ಬೊಗಸೆ ನೀರು ಬರಬೇಕಾದಲ್ಲಿ ಗದ್ದೆಯೇ ತುಂಬುತ್ತದೆ. 2002ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ ಮತ್ತು ಆರೋಗ್ಯವಂತರ ಹೆಬ್ಬೆರಳಿನ ಉಗುರಿನ ಮೇಲೆ ಸಮನಾದ ಒತ್ತಡ ಹಾಕಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದರು. ಆರೋಗ್ಯವಂತರಿಗೆ ಹೆಚ್ಚೇನೂ ನೋವೆನಿಸದಷ್ಟು ಮೆಲ್ಲನೆಯ ಒತ್ತಡಕ್ಕೇ ರೋಗಿಗಳ ಮಿದುಳಿನಲ್ಲಿ ನೋವಿನ ಭಾಗಗಳು ಎಚ್ಚೆತ್ತಿದ್ದವು. ಸುಳ್ಳು ನೋವು ಎಂದವರಿಗೆ ತೋರಿಸಲು ನನ್ನ ಹತ್ತಿರ ಆಗ ಈ ಸಂಗತಿ ಇರಬೇಕಿತ್ತು.

ಒಂದು ನೋಟ್‌ಬುಕ್ ಹಿಡಿಯಿರಿ

ದುಡ್ಡಿಲ್ಲದೆ, ಇವತ್ತೇ ಮಾಡಬಹುದಾದ ಕೆಲಸ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ. ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ಅದರಲ್ಲಿ ಒಂದು ಮೈಯ ಚಿತ್ರ ಬರೆಯಿರಿ, ಕಡ್ಡಿ ಗೊಂಬೆಯಾದರೂ ನಡೆಯುತ್ತದೆ. ಕಳೆದ ಒಂದು ವಾರದಲ್ಲಿ ಎಲ್ಲೆಲ್ಲಿ ನೋವಿತ್ತೋ ಅಲ್ಲಿ ಗುರುತು ಹಾಕಿ.

ವೈದ್ಯರು ಲೆಕ್ಕ ಹಿಡಿಯುವುದು 19 ಜಾಗಗಳನ್ನು. ಎಡ ಬಲ ಎರಡೂ ಕಡೆಯ ದವಡೆ, ಹೆಗಲು, ಮೇಲ್ದೋಳು, ಕೆಳದೋಳು, ಪೃಷ್ಠ, ತೊಡೆ, ಮೊಳಕಾಲ ಕೆಳಗಿನ ಭಾಗ ಸೇರಿ 14. ಮೇಲೆ ಕತ್ತು, ಎದೆ, ಹೊಟ್ಟೆ, ಮೇಲ್ಬೆನ್ನು, ಸೊಂಟ. ಆಮೇಲೆ ಮೂರು ಪ್ರಶ್ನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ: ಎಷ್ಟು ಸುಸ್ತು, ಎದ್ದಾಗ ನಿದ್ದೆ ಆದಂತೆ ಇರಲಿಲ್ಲವೇ, ನೆನಪು ಮತ್ತು ಗಮನ ಎಷ್ಟು ಮಸುಕು. ಕಳೆದ ಆರು ತಿಂಗಳಲ್ಲಿ ತಲೆನೋವು, ಕೆಳಹೊಟ್ಟೆ ನೋವು ಅಥವಾ ಸೆಳೆತ, ಮನಸ್ಸಿನ ಕುಗ್ಗು ಇದ್ದರೆ ಒಂದೊಂದಕ್ಕೆ ಒಂದು ಅಂಕ. ಈ ಎರಡನೆಯ ಲೆಕ್ಕ ಎಲ್ಲ ಸೇರಿ 12 ಅಂಕಕ್ಕೆ.

2016ರಲ್ಲಿ ಪರಿಷ್ಕರಿಸಿದ ಮಾನದಂಡದ ಪ್ರಕಾರ, ನೋವಿನ ಜಾಗ ಏಳಕ್ಕಿಂತ ಕಡಿಮೆ ಇಲ್ಲದೆ ಎರಡನೆಯ ಅಂಕ ಐದಾದರೂ ಇರಬೇಕು. ಅಥವಾ ಜಾಗ ನಾಲ್ಕರಿಂದ ಆರು ಇದ್ದು ಅಂಕ ಒಂಬತ್ತಾದರೂ ಇರಬೇಕು. ನೋವು ಮೈಯ ಒಂದೇ ಮೂಲೆಗೆ ಸೀಮಿತವಾಗಿರದೆ ಹರಡಿರಬೇಕು, ಮೂರು ತಿಂಗಳಿಂದ ಹೆಚ್ಚುಕಡಿಮೆ ಹಾಗೇ ಇರಬೇಕು. ಮೊದಲು 1990ರ ಮಾನದಂಡದಲ್ಲಿ ಮೈಯ 18 ಬಿಂದುಗಳನ್ನು ಒತ್ತಿ 11ರಲ್ಲಿ ನೋವಿದೆಯೇ ಎಂದು ನೋಡುತ್ತಿದ್ದರು. ಈಗ ಅದು ಕಡ್ಡಾಯವಲ್ಲ.

ಈ ಲೆಕ್ಕ ನೋಡಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ವೈದ್ಯರ ಮುಂದೆ ಕೂತಾಗ ಮಾತು ತಡವರಿಸಬಾರದು, ಅಷ್ಟಕ್ಕೇ ಇದು. ನಮ್ಮ ಕಡೆಯ ಹೆಣ್ಣುಮಕ್ಕಳು "ಎಲ್ಲಾ ಕಡೆ ನೋಯ್ತದ್ರಿ" ಎಂದು ಹೇಳಿ ಸುಮ್ಮನಾಗುತ್ತಾರೆ. ಸೆಳೆತವೇ, ಉರಿಯೇ, ಚುಚ್ಚಿದ ಹಾಗೋ, ಜುಮುಜುಮು ಎನ್ನುತ್ತದೋ, ಒಡೆದು ಹಾಕಿದ ಹಾಗೋ, ನಿಮ್ಮ ಬಾಯಿಗೆ ಬರುವ ಮಾತಿನಲ್ಲೇ ಬರೆದಿಡಿ. ಎರಡು ವಾರ ಬರೆದರೆ ನೋವು ಯಾವಾಗ ಏರುತ್ತದೆ ಎಂಬುದೂ ಕಾಣಿಸತೊಡಗುತ್ತದೆ. ನಿದ್ದೆಗೆಟ್ಟ ರಾತ್ರಿಯ ಮಾರನೆಯ ದಿನ ನನಗೆ ತಪ್ಪದೆ ಏರುತ್ತಿತ್ತು. ಬರೆಯುವವರೆಗೆ ಅದು ನನಗೇ ಗೊತ್ತಿರಲಿಲ್ಲ.

ನಮ್ಮ ನೆಲದ ಬೇರೆ ಕಾರಣಗಳನ್ನು ಮೊದಲು ಹುಡುಕಿಸಿ

ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಮೈ ಕೈ ನೋವಿಗೆ ನಮ್ಮವೇ ಆದ ಕಾರಣಗಳಿವೆ.

ಮೊದಲನೆಯದು ಕೊಳವೆಬಾವಿಯ ನೀರು. ಈ ಮೂರೂ ಜಿಲ್ಲೆಗಳ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ವರ್ಷಗಟ್ಟಲೆ ಮೀರಿದ ನೀರು ಕುಡಿದರೆ ಕತ್ತು, ಬೆನ್ನು, ಕೀಲು ಬಿಗಿಯುತ್ತವೆ. ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನೋಡಬಹುದು. ಮೊಳಕಾಲು ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಿಕೊಳ್ಳಿ. ಗದ್ದವನ್ನು ಎದೆಗೆ ಮುಟ್ಟಿಸಿ. ಎರಡೂ ಕೈ ಹಿಂದಕ್ಕೆ ಒಯ್ದು ತಲೆಯ ಹಿಂಭಾಗ ಮುಟ್ಟಿ. ಇವು ಆಗದಿದ್ದರೆ, ಊರಿನ ಮಕ್ಕಳ ಹಲ್ಲಿನ ಮೇಲೆ ಹಳದಿ ಅಥವಾ ಕಂದು ಪಟ್ಟೆಗಳಿದ್ದರೆ, ನೀರಿನ ಪರೀಕ್ಷೆ ಮಾಡಿಸಿ, ವೈದ್ಯರಿಗೆ ಈ ಮಾತನ್ನೇ ಮೊದಲು ಹೇಳಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ.

ಎರಡನೆಯದು ಚಿಕೂನ್‌ಗುನ್ಯ. 2006ರಲ್ಲಿ ರಾಜ್ಯದ ಲಕ್ಷಾಂತರ ಜನರನ್ನು ಮಲಗಿಸಿದ ಆ ಜ್ವರ ಈಗಲೂ ಆಗಾಗ ಬರುತ್ತಲೇ ಇದೆ. ಅದರ ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ, ಇನ್ನು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಮೂರನೆಯದನ್ನು ಕೇಳಿ ನನಗೇ ಆಶ್ಚರ್ಯವಾಗಿತ್ತು: ವಿಟಮಿನ್ ಡಿ ಕೊರತೆ. ರಾಯಚೂರಿನ ಬಿಸಿಲಿನಲ್ಲಿ ಯಾರಿಗೆ ಕೊರತೆ ಎನ್ನಬೇಡಿ. ಬಳ್ಳಾರಿಯ ಜೀನ್ಸ್ ಹೊಲಿಗೆ ಯಂತ್ರದ ಮುಂದೆ ಬೆಳಗಿನಿಂದ ಸಂಜೆವರೆಗೆ ಕೂರುವವರಿಗೆ, ಮನೆಯೊಳಗೇ ದಿನ ಕಳೆಯುವವರಿಗೆ, ಹೊರಗೆ ಬಂದರೆ ಮೈತುಂಬ ಸೆರಗು ಹೊದೆಯುವವರಿಗೆ ಬಿಸಿಲು ಚರ್ಮ ಮುಟ್ಟುವುದೇ ಇಲ್ಲ. ಕುಕ್ಕುರುಗಾಲಿನಿಂದ ಏಳುವಾಗ ತೊಡೆ ಸೋಲುವುದು ಇದರ ಸುಳಿವು. ಥೈರಾಯ್ಡ್ ಕೊರತೆ, ರಕ್ತಹೀನತೆ, ಸಕ್ಕರೆ ಕಾಯಿಲೆಯಿಂದ ನರಗಳಿಗೆ ಬರುವ ತೊಂದರೆ, ಕೊಲೆಸ್ಟರಾಲ್‌ಗೆ ಕೊಡುವ ಸ್ಟಾಟಿನ್ ಗುಳಿಗೆ, ಇವೂ ಮೈನೋವು ತರುತ್ತವೆ.

ಹಾಗಾಗಿ ಸಾಮಾನ್ಯವಾಗಿ ಹಿಮೋಗ್ಲೋಬಿನ್ ಸೇರಿದ ರಕ್ತ ಪರೀಕ್ಷೆ, ಮೈಯೊಳಗೆ ಉರಿಯೂತವಿದೆಯೇ ಎಂದು ತೋರಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ, ಥೈರಾಯ್ಡ್‌ಗಾಗಿ ಟಿಎಸ್‌ಎಚ್, ಸಕ್ಕರೆ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡುತ್ತಾರೆ. ಮೈಯೆಲ್ಲ ಎಂಆರ್‌ಐ ಮಾಡಿಸಿ ಸಾಲ ಮಾಡಿಕೊಳ್ಳುವ ಅಗತ್ಯ ಬಹುತೇಕರಿಗೆ ಬರುವುದಿಲ್ಲ. ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇವುಗಳ ಜನರಲ್ ಮೆಡಿಸಿನ್ ವಿಭಾಗದಿಂದ ಶುರು ಮಾಡಿ. ಇನ್ನೊಂದು ಮಾತು: ಇವುಗಳಲ್ಲಿ ಒಂದು ಸಿಕ್ಕಿತೆಂದ ಮಾತ್ರಕ್ಕೆ ಫೈಬ್ರೊಮಯಾಲ್ಜಿಯಾ ಇಲ್ಲವೆಂದಾಗುವುದಿಲ್ಲ. ಎರಡೂ ಜೊತೆಗಿರಬಹುದು.

ಇವಿದ್ದರೆ ಕಾಯಬೇಡಿ

ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕೀಲು ಕೆಂಪಾಗಿ ಊದುವುದು, ಕೈಕಾಲಿನ ಬಲ ಕುಂದುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೆಗಲು ಸೊಂಟದ ಬಿಗಿತ, ಇವಿದ್ದರೆ ಕೆಲವೇ ದಿನಗಳಲ್ಲಿ ವೈದ್ಯರನ್ನು ಕಾಣಿ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಎದೆನೋವಿನ ಜೊತೆ ಬೆವರಿದರೆ, ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.

ಹೆಸರಿಲ್ಲದ ಸೂಜಿ ನಿಲ್ಲಿಸಿ

ಇದನ್ನು ಕೈಮುಗಿದು ಕೇಳುತ್ತೇನೆ. ಚೀಟಿಯಿಲ್ಲದೆ, ಹೆಸರು ಹೇಳದೆ ಕೊಡುವ ಸೂಜಿ ಮತ್ತು ಪೊಟ್ಟಣದ ಗುಳಿಗೆಗಳಲ್ಲಿ ಸ್ಟೀರಾಯ್ಡ್ ಅಥವಾ ಬಲವಾದ ನೋವುನಿವಾರಕ ಇರುವ ಸಾಧ್ಯತೆ ಇದೆ. ಸ್ಟೀರಾಯ್ಡ್‌ನಿಂದ ಈ ಕಾಯಿಲೆಗೆ ಉಪಯೋಗವಿಲ್ಲ. ದಿನವೂ ನುಂಗುವ ನೋವಿನ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕಿಡ್ನಿ ಕೆಡಿಸಬಹುದು. ಬೇಸಿಗೆಯಲ್ಲಿ ಬೆವರು ಸುರಿಸಿ ನೀರು ಕಡಿಮೆ ಕುಡಿಯುವ ನಮ್ಮವರಿಗೆ ಅಪಾಯ ಇನ್ನೂ ಹೆಚ್ಚು. ಆದರೆ ಬಹಳ ದಿನದಿಂದ ಸ್ಟೀರಾಯ್ಡ್ ತೆಗೆದುಕೊಂಡಿರುವ ಅನುಮಾನವಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ಪೊಟ್ಟಣ ಸಮೇತ ವೈದ್ಯರ ಬಳಿ ಹೋಗಿ, ಅವರು ಹೇಳಿದಂತೆ ಇಳಿಸಿ.

ಅಮಿಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್, ಪ್ರಿಗ್ಯಾಬಲಿನ್ ಎಂಬ ಔಷಧಗಳು ಕೆಲವರಿಗೆ ನೋವು ಇಳಿಸುತ್ತವೆ, ನಿದ್ದೆ ಕೊಡುತ್ತವೆ, ಇನ್ನು ಕೆಲವರಿಗೆ ತೂಕಡಿಕೆ ಬಿಟ್ಟು ಬೇರೇನೂ ಕೊಡುವುದಿಲ್ಲ. ವೈದ್ಯರು ಬರೆದರೆ ಮಾತ್ರ ತೆಗೆದುಕೊಳ್ಳಿ, ತಾವಾಗಿ ನಿಲ್ಲಿಸಬೇಡಿ. ಮೊದಲೆರಡು ಖಿನ್ನತೆಗೂ ಕೊಡುವ ಔಷಧಗಳು. ಚೀಟಿಯಲ್ಲಿ ಅದನ್ನು ಓದಿದ ಯಾರಾದರೂ ನಿಮ್ಮನ್ನು ಬೇರೆ ದೃಷ್ಟಿಯಿಂದ ನೋಡಿದರೆ ಬೇಸರಿಸಬೇಡಿ. ಈ ಔಷಧಗಳು ಮಿದುಳಿನಲ್ಲಿ ಹೆಚ್ಚಿಸುವ ರಾಸಾಯನಿಕಗಳನ್ನೇ ನೋವು ತಡೆಯುವ ನರಗಳೂ ಬಳಸುತ್ತವೆ.

ಐದು ನಿಮಿಷದಿಂದ ನಡೆಯಲು ಶುರು ಮಾಡಿ

ಯುರೋಪಿನ ಸಂಧಿವಾತ ತಜ್ಞರ ಸಂಘಟನೆ 2017ರಲ್ಲಿ ಎಲ್ಲ ಚಿಕಿತ್ಸೆಗಳನ್ನು ತೂಗಿ ನೋಡಿ, ಗಟ್ಟಿ ಶಿಫಾರಸು ಕೊಟ್ಟದ್ದು ವ್ಯಾಯಾಮ ಒಂದಕ್ಕೇ. ಇದನ್ನು ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಕೊಡ ಎತ್ತಲಾಗದವಳಿಗೆ ವ್ಯಾಯಾಮವೇ? ವಾದ ಬಿಟ್ಟು ಮಾಡಿ ನೋಡಿದೆ.

ಬಿಸಿಲೇರುವ ಮೊದಲು, ಏಪ್ರಿಲ್‌ನಲ್ಲಾದರೆ ಐದೂವರೆಗೇ, ಐದೇ ನಿಮಿಷ ನಡೆಯಿರಿ. ಇನ್ನೂ ಹೋಗಬಹುದು ಅನ್ನಿಸಿದರೂ ತಿರುಗಿ ಬನ್ನಿ. ವಾರಕ್ಕೆ ಒಂದೆರಡು ನಿಮಿಷ ಮಾತ್ರ ಏರಿಸಿ. ಮೊದಲ ವಾರಗಳಲ್ಲಿ ನೋವು ತುಸು ಹೆಚ್ಚಬಹುದು, ಅದರಿಂದ ಮೈಗೆ ಹಾನಿಯಿಲ್ಲ. ಮಾರನೆಯ ದಿನವೂ ಏಳಲಾಗದಷ್ಟು ನೋಯಿತೆಂದರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಯಿರಿ. ನಾನು ಇಪ್ಪತ್ತೈದು ನಿಮಿಷಕ್ಕೆ ಬರಲು ನಾಲ್ಕು ತಿಂಗಳು ಹಿಡಿಯಿತು. ಹೊಲದಲ್ಲಿ ದುಡಿಯುವವರು "ದಿನವೆಲ್ಲ ಮೈ ಬಗ್ಗಿಸ್ತೀವಿ, ಇನ್ನೇನು ವ್ಯಾಯಾಮ" ಎನ್ನುತ್ತಾರೆ. ಒಂದೇ ಭಂಗಿಯಲ್ಲಿ ತಾಸುಗಟ್ಟಲೆ ಬಗ್ಗಿರುವುದಕ್ಕೂ ಹಗುರಾಗಿ ಮೈ ಸಡಿಲಿಸಿ ನಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಇದರ ಜೊತೆಗೆ ಕಲಿಯಬೇಕಾದದ್ದು ಕೆಲಸ ಹಂಚುವುದು. ಒಂದು ಜನವರಿಯಲ್ಲಿ ಮೈ ಹಗುರಾಗಿತ್ತು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಕೊಡಲೆಂದು ಓಣಿಯವರ ಜೊತೆ ಕೂತು ಬೆಳಗಿನಿಂದ ಸಂಜೆವರೆಗೆ ರೊಟ್ಟಿ ಬಡಿದೆ. ಮನಸ್ಸು ತುಂಬಿತ್ತು. ಆಮೇಲೆ ಒಂಬತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮರುವರ್ಷವೂ ಕೂತೆ, ಇಪ್ಪತ್ತು ನಿಮಿಷ ಬಡಿದು ಹತ್ತು ನಿಮಿಷ ಎದ್ದು ಓಡಾಡಿದೆ, ಮಧ್ಯಾಹ್ನದ ನಂತರ ಎಣಿಸಿ ಕಟ್ಟುವ ಕೆಲಸ ಹಿಡಿದೆ. ಎರಡು ದಿನ ನೋವಿತ್ತು, ಅಷ್ಟೇ. ಹಗುರಾದ ದಿನ ಎಲ್ಲ ಬಾಕಿ ಕೆಲಸ ಮುಗಿಸಿಬಿಡುವ ಆಸೆಯೇ ಈ ಕಾಯಿಲೆಯಲ್ಲಿ ನಮ್ಮನ್ನು ಹೆಚ್ಚು ಸಲ ಬೀಳಿಸುವುದು.

ನಿದ್ದೆಯ ವಿಷಯದಲ್ಲಿ ಎರಡೇ ಮಾತು: ದಿನವೂ ಒಂದೇ ಹೊತ್ತಿಗೆ ಏಳಿ, ಸಂಜೆಯ ಮೇಲೆ ಚಹಾ ಬಿಡಿ. ಜೋರಾಗಿ ಗೊರಕೆ ಬಂದು ನಡುವೆ ಉಸಿರು ನಿಂತಂತಾದರೆ, ಮಲಗಿದಾಗ ಕಾಲು ಆಡಿಸದೆ ಇರಲಾಗದಿದ್ದರೆ ವೈದ್ಯರಿಗೆ ಹೇಳಿ, ಅವಕ್ಕೆ ಬೇರೆಯದೇ ಚಿಕಿತ್ಸೆ ಇದೆ. ಬದುಕೇ ಬೇಡವೆನ್ನುವಷ್ಟು ಮನಸ್ಸು ಕುಗ್ಗಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೆ ಒಂದು ಅಂಕಿ ಕೊಡಿ

ಕಾಣದ ನೋವನ್ನು ದಿನವೂ ವಿವರಿಸುವುದು ನೋವಿಗಿಂತ ದೊಡ್ಡ ದಣಿವು. ಕೇಳುವವರಿಗೂ ಬೇಸರ. ನಾವು ಮನೆಯಲ್ಲಿ ಸೊನ್ನೆಯಿಂದ ಹತ್ತರವರೆಗಿನ ಲೆಕ್ಕ ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ ಎದ್ದ ಕೂಡಲೇ ಮಗ ಕೇಳುತ್ತಾನೆ, "ಇವತ್ತು ಎಷ್ಟವ್ವ?" ನಾಲ್ಕು ಎಂದರೆ ರೊಟ್ಟಿ ನನ್ನದು. ಏಳು ಎಂದರೆ ಮನೆಯವರು ಒಲೆ ಹಚ್ಚಿ ಅನ್ನಕ್ಕಿಡುತ್ತಾರೆ, ಮಗ ನೀರು ತರುತ್ತಾನೆ. ಇಂದು ಐದು. ರೊಟ್ಟಿ ಹಿಟ್ಟು ಅವನು ನಾದಿ ಕೊಟ್ಟ, ನಾನು ಆರೇ ಆರು ಬಡಿದೆ.