ಗುಪ್ತಚರ ವರದಿ ಬಹಿರಂಗವಾದಾಗ ಅದನ್ನು ಓದುವ ಬಗೆ

ಚುನಾವಣೆ ಸಮೀಪಿಸಿತೆಂದರೆ ‘ಗುಪ್ತಚರ ವರದಿಯ ಪ್ರಕಾರ’ ಎಂಬ ಮಾತು ಬಳ್ಳಾರಿಯ ಚಹಾದಂಗಡಿಗಳಲ್ಲೂ ಪಕ್ಷದ ಕಚೇರಿಗಳಲ್ಲೂ ಹರಿದಾಡತೊಡಗುತ್ತದೆ. ಗುಟ್ಟಾಗಿರಬೇಕಾದ ಕಾಗದ ತಾನಾಗಿ ಹೊರಬರುವುದಿಲ್ಲವಾದ್ದರಿಂದ, ಅದರಲ್ಲಿ ಏನಿದೆ ಎಂದು ಓದುವ ಮೊದಲು ಅದನ್ನು ಯಾರು, ಯಾವಾಗ ಹೊರಗೆ ಬಿಟ್ಟರು ಎಂಬುದನ್ನು ವಿಚಾರಿಸಬೇಕು.

ಮೊದಲು ಎರಡು ದಿನಾಂಕಗಳನ್ನು ಬರೆದುಕೊಳ್ಳಿ: ವರದಿ ಸಿದ್ಧವಾದದ್ದು ಮತ್ತು ಹೊರಬಿದ್ದದ್ದು. ಇರಾಕ್ ಯುದ್ಧವು ಜಿಹಾದಿ ಉಗ್ರರ ಹೊಸ ಪೀಳಿಗೆಗೆ ಇಂಬು ಕೊಡುತ್ತಿದೆ ಎಂದ ಅಮೆರಿಕದ ಗುಪ್ತಚರ ಸಂಸ್ಥೆಗಳ ಅಂದಾಜು ವರದಿ 2006ರ ಏಪ್ರಿಲ್‌ನಲ್ಲೇ ಸಿದ್ಧವಾಗಿತ್ತು. ಅದು ಪತ್ರಿಕೆಗಳಿಗೆ ಸೋರಿದ್ದು ಸೆಪ್ಟೆಂಬರ್‌ನಲ್ಲಿ, ಅಲ್ಲಿನ ಸಂಸತ್ತಿನ ಮಧ್ಯಾವಧಿ ಚುನಾವಣೆಗೆ ಸುಮಾರು ಆರು ವಾರ ಇರುವಾಗ. ಕೆಲವೇ ದಿನಗಳಲ್ಲಿ ಅಧ್ಯಕ್ಷ ಬುಷ್ ಪ್ರಧಾನ ತೀರ್ಮಾನಗಳನ್ನು ತಾವೇ ಬಿಡುಗಡೆ ಮಾಡಿಸಿದರು. ಬಳ್ಳಾರಿಯವರಿಗೆ ಇಂಥದ್ದು ಹೊಸದಲ್ಲ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಗುಪ್ತಚರ ವರದಿಯಲ್ಲದಿದ್ದರೂ, 2011ರ ಜುಲೈ 27ರಂದು ಸಲ್ಲಿಕೆಯಾಗುವ ಮೊದಲೇ ಸೋರಿಕೆಯಾಗಿ ರಾಜ್ಯದ ರಾಜಕೀಯವನ್ನು ಅಲುಗಾಡಿಸಿತ್ತು.

ಎರಡನೆಯದಾಗಿ, ಕೈಗೆ ಸಿಕ್ಕಿರುವುದು ಪೂರ್ಣ ಪಠ್ಯವೋ ಸಾರಾಂಶವೋ ನೋಡಿ. ಹೆಚ್ಚಿನ ಕೈಚಳಕ ನಡೆಯುವುದು ಇಲ್ಲೇ. ಇರಾಕ್‌ನ ಅಸ್ತ್ರಗಳ ಬಗ್ಗೆ 2002ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಸಿದ್ಧವಾದ ರಹಸ್ಯ ಅಂದಾಜಿನಲ್ಲಿ ‘ಇರಾಕ್ ತನ್ನ ಕಾರ್ಯಕ್ರಮಗಳನ್ನು ಮುಂದುವರಿಸಿದೆ ಎಂದು ನಾವು ಅಂದಾಜಿಸುತ್ತೇವೆ’ ಎಂಬ ಅರ್ಥದ ವಾಕ್ಯವಿತ್ತು; ಅದೇ ತಿಂಗಳು ಜನರ ಮುಂದಿಟ್ಟ ಶ್ವೇತಪತ್ರದಲ್ಲಿ ‘ನಾವು ಅಂದಾಜಿಸುತ್ತೇವೆ’ ಎಂಬುದು ಮಾಯವಾಗಿ, ಊಹೆಯೇ ಸಂಗತಿಯಾಗಿ ನಿಂತಿತು. ಅಲ್ಲಿನ ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗ ದಾಖಲಿಸಿದ್ದ ಭಿನ್ನಮತವನ್ನೂ ಜನ ಓದಿದ್ದು 2003ರ ಜುಲೈನಲ್ಲಿ, ಯುದ್ಧ ಶುರುವಾದ ಮೇಲೆ. ಆದ್ದರಿಂದ ‘ಬಹುಶಃ’, ‘ಸಾಧ್ಯತೆಯಿದೆ’ ಎಂಬ ಪದಗಳಿಗೂ ಅಡಿಟಿಪ್ಪಣಿಗಳಿಗೂ ಗೆರೆ ಎಳೆಯಿರಿ. ಅವು ಒಂದೂ ಇಲ್ಲದ ವರದಿಯನ್ನು ನಾನು ನಂಬುವುದಿಲ್ಲ.

ಮೂರನೆಯದಾಗಿ, ವರದಿ ಯಾರ ಬಾಯಿ ಮುಚ್ಚಿಸುತ್ತದೆ ಎಂದು ಕೇಳಿ. ವಿದೇಶಿ ನೆರವಿನ ಸಂಸ್ಥೆಗಳ ಚಳವಳಿಗಳಿಂದ ದೇಶದ ಜಿಡಿಪಿಗೆ ವರ್ಷಕ್ಕೆ ಶೇ. 2ರಿಂದ 3ರಷ್ಟು ಪೆಟ್ಟು ಬೀಳುತ್ತಿದೆ ಎಂದ ಗುಪ್ತಚರ ದಳದ ವರದಿ 2014ರ ಜೂನ್‌ನಲ್ಲಿ, ಹೊಸ ಸರ್ಕಾರ ಬಂದ ಬೆನ್ನಿಗೇ ಸೋರಿತು. ಕಾರ್ಖಾನೆಗಳ ಹೊಗೆ ಮತ್ತು ಬೂದಿಯ ವಿರುದ್ಧ ದನಿ ಎತ್ತಿರುವ ಕೊಪ್ಪಳದ ಜನ ಇದನ್ನು ಗಮನವಿಟ್ಟು ಓದಬೇಕು. 1962ರ ಚೀನಾ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಮಾತ್ರ ಯಾವ ಪಕ್ಷದ ಸರ್ಕಾರವೂ ಬಿಡುಗಡೆ ಮಾಡಿಲ್ಲ.

ಉದ್ದೇಶವಿದೆ ಎಂದಮಾತ್ರಕ್ಕೆ ವರದಿ ಸುಳ್ಳಾಗಬೇಕಿಲ್ಲ. ಸೌದಿ ಪತ್ರಕರ್ತ ಜಮಾಲ್ ಖಶೋಗಿ ಹತ್ಯೆ ಕುರಿತ ಅಮೆರಿಕದ ಗುಪ್ತಚರ ಅಂದಾಜನ್ನು ಟ್ರಂಪ್ ಆಡಳಿತ ತಡೆಹಿಡಿದಿತ್ತು, ಬೈಡನ್ ಆಡಳಿತ 2021ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಎರಡರ ಹಿಂದೆಯೂ ರಾಜಕೀಯವಿತ್ತು, ಒಳಗಿನ ತೀರ್ಮಾನವನ್ನು ಬೇರೆಯಾಗಿಯೇ ತೂಗಬೇಕು.

ಇನ್ನೂ ಮುಂದೆ ಹೋಗುವವರು ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ. ಕಾಯ್ದೆಯ 24ನೇ ಕಲಮು ಗುಪ್ತಚರ ದಳಕ್ಕೂ ಅದು ಸರ್ಕಾರಕ್ಕೆ ಕೊಟ್ಟ ಮಾಹಿತಿಗೂ ವಿನಾಯಿತಿ ನೀಡುತ್ತದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಮಾತ್ರ ಈ ವಿನಾಯಿತಿ ಅನ್ವಯಿಸದು. ಹಾಗಾಗಿ ವರದಿಯನ್ನೇ ಕೇಳದೆ, ಅದನ್ನು ಪ್ರಕಟಿಸಲು ಯಾವ ದಿನ ಯಾರು ಅನುಮತಿ ಕೊಟ್ಟರು ಎಂದು ಸಂಬಂಧಪಟ್ಟ ಸಚಿವಾಲಯವನ್ನು ಕೇಳಿ. ನಿರಾಕರಿಸಿದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.