ಚಿತ್ರಕಥೆಯಲ್ಲೇ ಬಜೆಟ್ ಹಿಡಿಯುವುದು ಹೇಗೆ

ತಾವೇ ಬರೆದು ತಾವೇ ನಿರ್ಮಿಸುವವರು ಎರಡನೇ ಕರಡು ಮುಗಿದ ಕೂಡಲೇ ದೃಶ್ಯಗಳ ಪಟ್ಟಿ ಮಾಡಬೇಕು. ದೃಶ್ಯಕ್ಕೊಂದು ಸಾಲು: ಒಳಾಂಗಣವೋ ಹೊರಾಂಗಣವೋ, ಹಗಲೋ ರಾತ್ರಿಯೋ, ಕಲಾವಿದರು ಯಾರು, ಜೂನಿಯರ್‌ಗಳು (ಗುಂಪಿನಲ್ಲಿ ಕಾಣುವ ಸಹ ಕಲಾವಿದರು) ಎಷ್ಟು ಜನ, ಗಾಡಿ ಬೇಕೇ, ಪ್ರಾಣಿ ಇದೆಯೇ. ಆಮೇಲೆ ಸಾಲುಗಳನ್ನು ಲೊಕೇಶನ್ ಪ್ರಕಾರ ಜೋಡಿಸಿ. ಒಂದೇ ದೃಶ್ಯಕ್ಕಾಗಿ ಬಂದ ಜಾಗಗಳು ಆಗ ಕಣ್ಣಿಗೆ ಬೀಳುತ್ತವೆ. ಆ ದೃಶ್ಯಗಳನ್ನು ಬೇರೆ ದೃಶ್ಯದ ಜಾಗಕ್ಕೇ ತರಲಾದೀತೇ ನೋಡಿ. ಬೆಂಗಳೂರಿನಲ್ಲಿ ಬೆಳಿಗ್ಗೆ ಬಸವನಗುಡಿ, ಮಧ್ಯಾಹ್ನ ದೂರದ ವೈಟ್‌ಫೀಲ್ಡ್ ಎಂದು ಇಟ್ಟುಕೊಂಡರೆ ಯುನಿಟ್ ಗಾಡಿಗಳು ಟ್ರಾಫಿಕ್‌ನಲ್ಲಿ ನಿಂತು ಅರ್ಧ ಕಾಲ್‌ಶೀಟ್ (ಚಿತ್ರೀಕರಣದ ಪಾಳಿ) ಹೋಗುತ್ತದೆ. ಎರಡನೆಯ ಜಾಗವನ್ನು ಪಕ್ಕದ ಚಾಮರಾಜಪೇಟೆಯಲ್ಲೇ ಹುಡುಕಿ.

ಪುಟಕ್ಕೊಂದು ನಿಮಿಷ ಎಂಬ ಲೆಕ್ಕ ಕೈಬರಹದ ಕನ್ನಡ ಪುಟಕ್ಕೆ ಹೊಂದುವುದಿಲ್ಲ. ಸಂಭಾಷಣೆಯನ್ನು ಗಟ್ಟಿಯಾಗಿ ಓದಿ, ಮೌನಕ್ಕೂ ನಡಿಗೆಗೂ ಸಮಯ ಕೊಟ್ಟು ಗಡಿಯಾರ ನೋಡಿ ಅಳೆಯಿರಿ. ಸಣ್ಣ ಯುನಿಟ್ ದಿನಕ್ಕೆ ನಾಲ್ಕೈದು ನಿಮಿಷದಷ್ಟು ತೆಗೆಯುತ್ತದೆ ಎಂದಿಟ್ಟುಕೊಂಡರೆ 100 ನಿಮಿಷದ ಚಿತ್ರಕ್ಕೆ 20ರಿಂದ 25 ದಿನ. ಸಿಂಕ್ ಸೌಂಡ್ (ಚಿತ್ರೀಕರಣದಲ್ಲೇ ದನಿ ಹಿಡಿಯುವುದು) ಇದ್ದರೆ, ಚಿತ್ರೀಕರಿಸುವ ಹೊತ್ತಿನಲ್ಲೇ ಜಾಗಕ್ಕೆ ಹೋಗಿ ಕಿವಿಗೊಡಿ. ಭಾನುವಾರ ಶಾಂತವಾಗಿದ್ದ ಬೀದಿ ಸೋಮವಾರ ಹಾಗಿರುವುದಿಲ್ಲ. ಮಳೆಗಾಲದಲ್ಲಿ ಹೊರಾಂಗಣ ಕೆಟ್ಟರೆ ಅದೇ ದಿನ ತೆಗೆಯಲು ಒಂದು ಒಳಾಂಗಣ ದೃಶ್ಯ ಸಿದ್ಧವಿರಲಿ.

ಹೆಚ್ಚು ಜನ ಎಡವುವುದು ಹಕ್ಕುಗಳ ಕರಾರಿನಲ್ಲಿ. ಬೇರೆಯವರ ಕಥೆ ಆಧರಿಸಿದ್ದರೆ ಬಾಯಿಮಾತು ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ; ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರು ಬೇರೆ ಹೇಳದ ಹೊರತು, ಅದು ಬಿದ್ದುಹೋಗುತ್ತದೆ. ಸ್ವತಂತ್ರ ಚಿತ್ರಕ್ಕೆ ಬಂಡವಾಳ ಕೂಡಿಸಲು ಒಂದು ವರ್ಷ ಎಲ್ಲಿ ಸಾಕು? ಅವಧಿ, ಪ್ರಪಂಚದಾದ್ಯಂತದ ಪ್ರದರ್ಶನ, ಒಟಿಟಿ, ಡಬ್ಬಿಂಗ್, ರೀಮೇಕ್ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿ. ಸಂಭಾಷಣೆ, ಹಾಡು ಬರೆದವರೊಂದಿಗೂ ಕರಾರು ಮಾಡಿಕೊಳ್ಳಿ. ಚಿತ್ರಮಂದಿರದ ಹೊರಗಿನ ಬಳಕೆಗೆ ಅವರಿಗೆ ಸಲ್ಲುವ ರಾಯಲ್ಟಿಯನ್ನು ಕಿತ್ತುಕೊಳ್ಳಲು 2012ರ ತಿದ್ದುಪಡಿ ಬಿಡುವುದಿಲ್ಲ, ಬಿಡಲೂಬಾರದು.

ಶೀರ್ಷಿಕೆಯನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿ, ಆಮೇಲೆ ಪೋಸ್ಟರ್ ಬಿಡಿ.

ಸೆನ್ಸಾರ್ ತೊಡಕುಗಳೂ ಚಿತ್ರಕಥೆಯಿಂದಲೇ ಬರುತ್ತವೆ. ನಾಯಿಯೋ ಹಸುವೋ ಇದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಚಿತ್ರೀಕರಣಕ್ಕೆ ಮುಂಚೆಯೇ ಕೈಯಲ್ಲಿರಬೇಕು. ಪಾತ್ರ ಸಿಗರೇಟು ಹಚ್ಚಿದರೆ ಆರಂಭದಲ್ಲೂ ಮಧ್ಯದಲ್ಲೂ 30 ಸೆಕೆಂಡಿನ ಆರೋಗ್ಯ ಸಂದೇಶ, ಆ ದೃಶ್ಯದಲ್ಲಿ ಎಚ್ಚರಿಕೆಯ ಬರಹ ಹಾಕಬೇಕಾಗುತ್ತದೆ. ಆ ಸಿಗರೇಟು ಕಥೆಗೆ ನಿಜಕ್ಕೂ ಬೇಕೇ ಎಂದು ಬರೆಯುವಾಗಲೇ ಕೇಳಿಕೊಳ್ಳಿ.

ಇನ್ನು ಹಣ. ಶೂಟಿಂಗ್ ಮುಗಿದೂ ಹಾರ್ಡ್‌ಡಿಸ್ಕ್‌ನಲ್ಲೇ ಕೊಳೆಯುವ ಒಳ್ಳೆಯ ಚಿತ್ರಗಳನ್ನು ಕಂಡರೆ ಸಂಕಟವಾಗುತ್ತದೆ. ಕಾರಣ ಬಹುತೇಕ ಒಂದೇ, ಎಡಿಟಿಂಗ್, ಸೌಂಡ್, ಕಲರ್, ಡಿಸಿಪಿಗೆ (ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿಗೆ) ಇಡಬೇಕಾದ ದುಡ್ಡು ಊಟ, ಗಾಡಿ, ಬಾಟಾಕ್ಕೆ (ದಿನಭತ್ಯೆಗೆ) ಕರಗಿರುತ್ತದೆ. ಆ ಮೊತ್ತವನ್ನು ಮೊದಲೇ ಬೇರೆ ಬ್ಯಾಂಕ್ ಖಾತೆಗೆ ಹಾಕಿ. ಒಟ್ಟು ಬಜೆಟ್‌ನ ಶೇ. 10ರಷ್ಟು ಅನಿರೀಕ್ಷಿತ ಖರ್ಚಿಗೆ ಎತ್ತಿಡಿ. ಹಣ ಹಾಕಿದವರಿಗೆ ಯಾವ ಕ್ರಮದಲ್ಲಿ, ಎಷ್ಟು ವಾಪಸ್ ಎಂಬುದು ಮುಹೂರ್ತಕ್ಕೆ ಮೊದಲೇ ಕಾಗದದ ಮೇಲೆ ಬರಲಿ. ಪ್ರತಿದಿನದ ಫುಟೇಜ್ ಮೂರು ಪ್ರತಿಯಾಗಿ, ಒಂದು ಪ್ರತಿ ಬೇರೆ ಮನೆಯಲ್ಲಿ ಇರಬೇಕು. ಎರಡನೇ ಪ್ರತಿ ತೆರೆದು ನೋಡುವ ತನಕ ಕ್ಯಾಮೆರಾ ಕಾರ್ಡ್ ಅಳಿಸಬೇಡಿ.