ಫೋಟೊಗಳಿಗೊಂದು ಸ್ವಂತ ವೆಬ್‌ಸೈಟ್: ಹೋಸ್ಟಿಂಗ್, ಸಾಫ್ಟ್‌ವೇರ್ ಆರಿಸುವುದು ಹೇಗೆ?

ಕ್ಯಾಮೆರಾ ಹುಚ್ಚು ಹಿಡಿದವರ ಮನೆಯಲ್ಲಿ ಹಾರ್ಡ್ ಡಿಸ್ಕ್ ತುಂಬ ಚಿತ್ರಗಳಿರುತ್ತವೆ. ಊರಿನ ತೇರು, ಗದ್ದೆ ಬದುವಿನ ಮಿಂಚುಳ್ಳಿ, ಮಳೆಗಾಲದ ಜೋಗ. ಆದರೆ ಯಾರಾದರೂ "ನಿಮ್ಮ ಫೋಟೊ ಎಲ್ಲಿ ನೋಡೋದು?" ಅಂತ ಕೇಳಿದರೆ ಕೊಡಲು ಒಂದು ವಿಳಾಸ ಇರುವುದಿಲ್ಲ. ಇನ್‌ಸ್ಟಾಗ್ರಾಮ್ ಇದೆಯಲ್ಲ ಅನ್ನಬಹುದು. ಅಲ್ಲಿ ಹಾಕಿದ ಚಿತ್ರ ಎರಡೇ ದಿನಕ್ಕೆ ಕೆಳಗೆ ಜಾರಿಹೋಗುತ್ತದೆ. ಬೇರೆಯವರ ಜಾಗದಲ್ಲಿ ನಿಯಮವೂ ಅವರದ್ದೇ. ಪಿಕಾಸಾ ವೆಬ್ ಆಲ್ಬಮ್ 2016ರಲ್ಲಿ ಮುಚ್ಚಿತು. ಫ್ಲಿಕರ್ ಉಚಿತ ಖಾತೆಗೆ 1000 ಚಿತ್ರಗಳ ಮಿತಿ ಹಾಕಿತು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗ ಕೊಡುವುದನ್ನು ನಿಲ್ಲಿಸಿತು.

ಸ್ವಂತ ವೆಬ್‌ಸೈಟ್ ಮಾಡುವಾಗ ಒಂದು ಮಾತು ಮನಸ್ಸಿನಲ್ಲಿರಲಿ. ಹೋಸ್ಟಿಂಗ್ ಅಂದರೆ ಸೈಟಿನ ಫೈಲುಗಳನ್ನು ಇಂಟರ್‌ನೆಟ್‌ನಲ್ಲಿ ಇಡಲು ಪಡೆಯುವ ಜಾಗ. ಅದನ್ನು ಕೊಡುವ ಕಂಪನಿ ಬಾಡಿಗೆ ಮನೆ ಇದ್ದಹಾಗೆ, ನಾಳೆ ಬದಲಿಸಬಹುದು. ಸಾಫ್ಟ್‌ವೇರನ್ನೂ ಬದಲಿಸಬಹುದು. ಕಳೆದುಕೊಂಡರೆ ಮತ್ತೆ ಸಿಗದಂಥವು ಎರಡೇ: ವೆಬ್‌ಸೈಟಿನ ಹೆಸರು ಮತ್ತು ಮೂಲ ಫೋಟೊಗಳು. ಅವೆರಡನ್ನು ಕೈಯಲ್ಲಿ ಭದ್ರವಾಗಿಟ್ಟುಕೊಂಡು, ಉಳಿದದ್ದನ್ನು ಯಾವಾಗ ಬೇಕಾದರೂ ಖಾಲಿ ಮಾಡಿಕೊಂಡು ಹೋಗುವ ಹಾಗೆ ಆರಿಸಿಕೊಳ್ಳಿ.

ಮೊದಲು ಚಿತ್ರಗಳ ಲೆಕ್ಕ

ಹೆಚ್ಚಿನವರು ಹೋಸ್ಟಿಂಗ್ ಜಾಹೀರಾತು ನೋಡುವುದರಿಂದ ಶುರು ಮಾಡುತ್ತಾರೆ. ಎಷ್ಟು ಜಾಗ ಬೇಕು ಅಂತಲೇ ಗೊತ್ತಿಲ್ಲದೆ ದೊಡ್ಡ ಪ್ಲಾನ್ ಕೊಂಡುಬಿಡುತ್ತಾರೆ. ಮೊದಲು ಚಿತ್ರಗಳನ್ನು ಆರಿಸಿ. ಒಂದೇ ಮಿಂಚುಳ್ಳಿಯ ಹದಿನೈದು ಚಿತ್ರ ಬೇಡ, ಚೆನ್ನಾಗಿರುವ ಒಂದು ಸಾಕು. ಶುರುವಿಗೆ 200 ಚಿತ್ರ ಧಾರಾಳ.

ಈಗ ಒಂದು ಚಿತ್ರವನ್ನು ವೆಬ್‌ಗೆ ಸಿದ್ಧ ಮಾಡೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000×4000 ಪಿಕ್ಸೆಲ್ ಇರುತ್ತದೆ. ಜೆಪೆಗ್ ಫೈಲು ಹತ್ತು ಎಂಬಿ ಆಸುಪಾಸು. ಅದನ್ನು ಹಾಗೇ ಏರಿಸಬೇಡಿ. ಲೈಟ್‌ರೂಮ್, ಡಾರ್ಕ್‌ಟೇಬಲ್ ಅಥವಾ ಗಿಂಪ್ ಥರದ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆರೆದು ಉದ್ದನೆಯ ಬದಿ 2048 ಪಿಕ್ಸೆಲ್, ಗುಣಮಟ್ಟ 80 ಎಂದು ಕೊಟ್ಟು ಎಕ್ಸ್‌ಪೋರ್ಟ್ ಮಾಡಿ. ಫೈಲು ಸುಮಾರು 500 ಕೆಬಿಗೆ ಇಳಿಯುತ್ತದೆ. ಎಲೆ, ಹುಲ್ಲು ತುಂಬಿದ ಚಿತ್ರವಾದರೆ ಸ್ವಲ್ಪ ಜಾಸ್ತಿ. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಯಾರಾದರೂ ಕದ್ದರೂ ದೊಡ್ಡ ಪ್ರಿಂಟ್ ಹಾಕಿಸಲು ಆಗುವುದಿಲ್ಲ. ಹಾಗಾಗಿ ಚಿತ್ರದ ನಡುವೆ ದಪ್ಪ ವಾಟರ್‌ಮಾರ್ಕ್ ಹಾಕಿ ಕೆಡಿಸುವ ಅಗತ್ಯವಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಎಕ್ಸ್‌ಪೋರ್ಟ್ ಮಾಡುವಾಗ ಇನ್ನೆರಡು ಕಡೆ ಕಣ್ಣಿಡಿ. ಕಲರ್ ಸ್ಪೇಸ್ (ಫೈಲು ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ) 'ಎಸ್‌ಆರ್‌ಜಿಬಿ' ಇರಲಿ. ಅಡೋಬಿ ಆರ್‌ಜಿಬಿಯಲ್ಲಿ ಬಿಟ್ಟರೆ, ಬಣ್ಣಗಳನ್ನು ಹೇಗೆ ತೋರಿಸಬೇಕೆಂದು ಹೇಳುವ ಕಲರ್ ಪ್ರೊಫೈಲ್ ಫೈಲಿನಿಂದ ಕಳಚಿಹೋದ ಕಡೆಯೆಲ್ಲ ಬಣ್ಣ ಸಪ್ಪೆಯಾಗುತ್ತದೆ, ತೇರಿನ ಕೆಂಪು ಬಾವುಟ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಎರಡನೆಯದು ಲೊಕೇಶನ್. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಜಿಪಿಎಸ್ ಗುರುತು ಸೇರಿರಬಹುದು. ಹಕ್ಕಿಯ ಗೂಡಿನ ಚಿತ್ರ ಹಾಕಿದರೆ ಗೂಡಿನ ದಾರಿಯನ್ನೂ ಹೇಳಿಕೊಟ್ಟಂತೆ. ಮನೆಯೊಳಗೆ ತೆಗೆದ ಮಕ್ಕಳ ಚಿತ್ರಕ್ಕೂ ಇದೇ ಮಾತು. ದಯವಿಟ್ಟು ಲೊಕೇಶನ್ ತೆಗೆದುಹಾಕಿ.

200 ಚಿತ್ರಕ್ಕೆ ತಲಾ 500 ಕೆಬಿ ಅಂದರೆ 100 ಎಂಬಿ, ಅಷ್ಟೇ. ಒಬ್ಬರು ಬಂದು 30 ಚಿತ್ರ ನೋಡಿದರೆ 15 ಎಂಬಿ ಡೇಟಾ ಖರ್ಚು. ದಿನಕ್ಕೆ 100 ಜನ ಬಂದರೂ ತಿಂಗಳಿಗೆ 45 ಜಿಬಿ. ಈ ಎರಡು ಅಂಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಜಾಹೀರಾತಿನ ನೂರು ಜಿಬಿ ಜಾಗ ನಿಮಗೆ ಯಾಕೆ ಬೇಡ ಅಂತ ಆಗ ಗೊತ್ತಾಗುತ್ತದೆ.

ಹೆಸರು ನಿಮ್ಮ ಕೈಯಲ್ಲಿರಲಿ

ನನ್ನ ಮೊದಲ ವೆಬ್‌ಸೈಟ್ ಮಾಡಿಕೊಟ್ಟವರು ಡೊಮೇನನ್ನು, ಅಂದರೆ ವೆಬ್‌ಸೈಟಿನ ಹೆಸರನ್ನು, ತಮ್ಮ ಇಮೇಲ್‌ನಲ್ಲೇ ನೋಂದಾಯಿಸಿದ್ದರು. ಮೂರನೇ ವರ್ಷ ಅವರು ಆ ಕೆಲಸ ಬಿಟ್ಟರು. ನವೀಕರಣದ ಮೇಲ್‌ಗಳೆಲ್ಲ ಅವರಿಗೆ ಹೋದವು, ನನಗೆ ಒಂದೂ ಬರಲಿಲ್ಲ. ಒಂದು ದಿನ ನೋಡಿದರೆ ನನ್ನ ಹೆಸರಿನ ವಿಳಾಸದಲ್ಲಿ ಬೇರೆ ಯಾರದೋ ಜಾಹೀರಾತು. ವಿಸಿಟಿಂಗ್ ಕಾರ್ಡು, ಪ್ರದರ್ಶನದ ಬ್ರೋಷರು ಎಲ್ಲದರ ಮೇಲೂ ಅದೇ ವಿಳಾಸ ಅಚ್ಚಾಗಿತ್ತು.

ಆದ್ದರಿಂದ ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮದೇ ಪಾಸ್‌ವರ್ಡ್‌ನಲ್ಲಿ ಇರಲಿ. ತಮ್ಮ, ಸ್ನೇಹಿತ, ಡಿಸೈನರ್ ಯಾರೇ ಮಾಡಿಕೊಟ್ಟರೂ ಇದನ್ನು ಮಾತ್ರ ಬಿಟ್ಟುಕೊಡಬೇಡಿ. ಸಾಧ್ಯವಾದರೆ ಹೋಸ್ಟಿಂಗ್ ಒಂದು ಕಡೆ, ಡೊಮೇನ್ ಇನ್ನೊಂದು ಕಡೆ ಕೊಳ್ಳಿ. ಹೋಸ್ಟಿಂಗ್ ಕಂಪನಿಯ ಜೊತೆ ಜಗಳವಾದರೂ ಹೆಸರು ಅವರ ಹತ್ತಿರ ಸಿಕ್ಕಿಕೊಳ್ಳುವುದಿಲ್ಲ. ಡಾಟ್ ಕಾಮ್ ಸಿಕ್ಕದಿದ್ದರೆ ಡಾಟ್ ಇನ್ ಚೆನ್ನಾಗಿಯೇ ನಡೆಯುತ್ತದೆ. ಕನ್ನಡ ಲಿಪಿಯಲ್ಲಿ ಡಾಟ್ ಭಾರತ ಕೂಡ ಇದೆ. ಆದರೆ ಕನ್ನಡ ಕೀಬೋರ್ಡ್ ಇಲ್ಲದವರಿಗೆ ಅದನ್ನು ಟೈಪ್ ಮಾಡುವುದು ಕಷ್ಟ, ಎರಡನೇ ಹೆಸರಾಗಿ ಇಟ್ಟುಕೊಳ್ಳಬಹುದು.

ಯಾವ ಸಾಫ್ಟ್‌ವೇರ್?

ವೆಬ್‌ಸೈಟಿನಲ್ಲಿ ಏನು ಮಾಡಬೇಕೆಂದಿದ್ದೀರಿ ಅನ್ನುವುದನ್ನು ನೋಡಿ ನಿರ್ಧರಿಸಿ.

ಚಿತ್ರದ ಜೊತೆ ಅದರ ಕತೆಯನ್ನೂ ಬರೆಯುವ ಆಸೆಯಿದ್ದರೆ ವರ್ಡ್‌ಪ್ರೆಸ್. 2003ರಿಂದ ಇರುವ ಉಚಿತ, ಮುಕ್ತ ತಂತ್ರಾಂಶ. ಬಹುತೇಕ ಎಲ್ಲ ಹೋಸ್ಟಿಂಗ್‌ಗಳಲ್ಲೂ ನಡೆಯುತ್ತದೆ, ಮನೆ ಬದಲಿಸುವುದು ಸುಲಭ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ಸಾಫ್ಟ್‌ವೇರ್, ವರ್ಡ್‌ಪ್ರೆಸ್ ಡಾಟ್ ಕಾಮ್ ಹೋಸ್ಟಿಂಗ್ ಸೇವೆ. ಇವೆರಡನ್ನು ತುಂಬ ಜನ ಒಂದೇ ಅಂದುಕೊಳ್ಳುತ್ತಾರೆ. ವರ್ಡ್‌ಪ್ರೆಸ್‌ಗೆ ಆರೈಕೆ ಬೇಕು. ಅಪ್‌ಡೇಟ್ ಮಾಡದೆ ಬಿಟ್ಟರೆ ಹ್ಯಾಕ್ ಆಗುತ್ತದೆ. ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್‌ಗಳನ್ನು ಸುಮ್ನೆ ಗುಡ್ಡೆ ಹಾಕಬೇಡಿ, ಐದಾರು ಸಾಕು. ಇನ್ನೊಂದು ವಿಷಯ: 2048 ಪಿಕ್ಸೆಲ್‌ನ ಒಂದು ಚಿತ್ರ ಏರಿಸಿದರೆ ಅದು 1536, 1024, 768, 300, 150 ಅಳತೆಗಳ ಐದು ಪ್ರತಿಗಳನ್ನು ತಾನೇ ಮಾಡಿಕೊಳ್ಳುತ್ತದೆ. ಫೋನಿಗೆ ಚಿಕ್ಕದು, ಕಂಪ್ಯೂಟರಿಗೆ ದೊಡ್ಡದು ಕಳಿಸಲಿಕ್ಕೆ ಈ ಏರ್ಪಾಡು. ಹಾಗಾಗಿ ನಮ್ಮ 100 ಎಂಬಿ ಲೆಕ್ಕವನ್ನು ಸುಮಾರು 250 ಎಂದುಕೊಳ್ಳಿ.

ಸಾವಿರಾರು ಚಿತ್ರ, ಆಲ್ಬಮ್‌ನೊಳಗೆ ಆಲ್ಬಮ್, ಮನೆಯವರಿಗೆ ಮಾತ್ರ ಕಾಣಬೇಕಾದ ಮದುವೆ ಫೋಟೊ ಅಂತೆಲ್ಲ ಇದ್ದರೆ ಪಿವಿಗೊ ನೋಡಿ. ಫೋಟೊ ಗ್ಯಾಲರಿಗೆಂದೇ ಮಾಡಿದ ಉಚಿತ ಸಾಫ್ಟ್‌ವೇರ್. ಯಾವ ಆಲ್ಬಮ್ ಯಾರು ನೋಡಬಹುದು ಅಂತ ಬೇರೆ ಬೇರೆ ನಿಗದಿ ಮಾಡಬಹುದು. ಫೋಟೊಗ್ರಫಿ ಕ್ಲಬ್‌ಗಳಿಗೂ ಒಳ್ಳೆಯದು.

ಮೂವತ್ತು ನಲವತ್ತು ಚಿತ್ರ, ಒಂದು ಪರಿಚಯ, ಒಂದು ಇಮೇಲ್ ಇಷ್ಟೇ ಸಾಕು ಅನ್ನುವವರಿಗೆ ಸ್ಟಾಟಿಕ್ ಸೈಟ್, ಅಂದರೆ ಮೊದಲೇ ಸಿದ್ಧ ಮಾಡಿಟ್ಟ ಪುಟಗಳ ಸೈಟ್. ಡಾರ್ಕ್‌ಟೇಬಲ್, ಡಿಜಿಕ್ಯಾಮ್, ಲೈಟ್‌ರೂಮ್ ಕ್ಲಾಸಿಕ್ ಮೂರರಲ್ಲೂ ಆರಿಸಿದ ಚಿತ್ರಗಳನ್ನು ನೇರವಾಗಿ ವೆಬ್ ಗ್ಯಾಲರಿಯಾಗಿ ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯವಿದೆ. ಬಂದ ಫೋಲ್ಡರನ್ನು ಹಾಗೇ ಏರಿಸಿದರೆ ಆಯಿತು. ಬರಹ, ವಿವರಗಳನ್ನು ಕೂಡಿಡುವ ಡೇಟಾಬೇಸ್ ಇಲ್ಲ, ಅಪ್‌ಡೇಟ್ ಚಿಂತೆ ಇಲ್ಲ. ಗಿಟ್‌ಹಬ್ ಪೇಜಸ್ ಎಂಬ ಹೋಸ್ಟಿಂಗ್ ಸೇವೆಯಲ್ಲಿ ಉಚಿತವಾಗಿ ಇಡಬಹುದು. ಸೈಟಿನ ಮಿತಿ 1 ಜಿಬಿ, ತಿಂಗಳಿಗೆ 100 ಜಿಬಿ ಡೇಟಾ ಓಡಾಟ. ಚೀಟಿಯಲ್ಲಿ ಬರೆದ ಅಂಕಿ ಈಗ ನೋಡಿ, ಆರಾಮಾಗಿ ಹಿಡಿಸುತ್ತದೆ ಅಲ್ವಾ?

ಇದ್ಯಾವುದೂ ಬೇಡ ಅನ್ನುವವರಿಗೆ ವಿಕ್ಸ್, ಸ್ಕ್ವೇರ್‌ಸ್ಪೇಸ್ ಥರದ ಸೇವೆಗಳಿವೆ. ಅಂದವಾಗಿರುತ್ತವೆ, ಆದರೆ ಪ್ರತಿ ವರ್ಷ ದುಡ್ಡು ಕಟ್ಟುತ್ತಲೇ ಇರಬೇಕು. ಬಿಟ್ಟು ಬರುವಾಗ ಆ ವಿನ್ಯಾಸವನ್ನು ಹೊತ್ತು ತರಲು ಆಗುವುದಿಲ್ಲ.

ಹೋಸ್ಟಿಂಗ್: ಕೇಳಬೇಕಾದ ಪ್ರಶ್ನೆಗಳು

ವರ್ಡ್‌ಪ್ರೆಸ್, ಪಿವಿಗೊ ಎರಡಕ್ಕೂ ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಸಾಧಾರಣ ಶೇರ್ಡ್ ಹೋಸ್ಟಿಂಗ್ ಸಾಕು. ನಿಮಗೇ ಪ್ರತ್ಯೇಕವಾಗಿ ಸಿಗುವ ವರ್ಚುವಲ್ ಸರ್ವರ್, ಅಂದರೆ ವಿಪಿಎಸ್ ಬೇಡ. ಸರ್ವರ್ ನೋಡಿಕೊಳ್ಳುವ ಕೆಲಸವೆಲ್ಲ ನಿಮ್ಮ ತಲೆಗೆ ಬರುತ್ತದೆ, ಆ ಹೊತ್ತಿನಲ್ಲಿ ಫೋಟೊ ತೆಗೆಯಬಹುದು. ದುಡ್ಡು ಕೊಡುವ ಮೊದಲು ಕಂಪನಿಯ ಚಾಟ್‌ನಲ್ಲಿ ಕೇಳಿ.

ನವೀಕರಣಕ್ಕೆ ಎಷ್ಟು? ಇದು ಎಲ್ಲಕ್ಕಿಂತ ಮುಖ್ಯ. ದೊಡ್ಡ ಅಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಮೊದಲ ಅವಧಿಯ ದರ, ಅದೂ ಮೂರು ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಿದರೆ. ಆಮೇಲೆ ಎರಡು ಮೂರು ಪಟ್ಟು ಆಗಬಹುದು. ಮೇಲೆ ಶೇ 18 ಜಿಎಸ್‌ಟಿ ಇದೆ. ಮೊದಲ ಸಲ ಒಂದೇ ವರ್ಷಕ್ಕೆ ಕೊಳ್ಳಿ, ಸ್ವಲ್ಪ ಜಾಸ್ತಿ ಬಿದ್ದರೂ ಸರಿ.

ಎಷ್ಟು ಫೈಲು ಇಡಬಹುದು? 'ಅನ್‌ಲಿಮಿಟೆಡ್' ಅಂದರೂ ಇನೋಡ್ ಎಂಬ ಹೆಸರಿನಲ್ಲಿ ಫೈಲುಗಳ ಸಂಖ್ಯೆಗೆ ಮಿತಿ ಇರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಒಂದು ಚಿತ್ರ ಆರು ಫೈಲು ಆದದ್ದು ನೆನಪಿದೆಯಲ್ಲ? 5000 ಚಿತ್ರ ಅಂದರೆ 30,000 ಫೈಲು.

ಸರ್ವರ್ ಎಲ್ಲಿದೆ? ನೋಡುವವರು ಇಲ್ಲಿಯವರೇ ಆದರೆ ಮುಂಬೈ, ಬೆಂಗಳೂರಿನಂಥ ಕಡೆ ಇರುವುದು ವೇಗಕ್ಕೆ ಒಳ್ಳೆಯದು. ಅಮೆರಿಕದಲ್ಲಿರುವ ಅಕ್ಕನೂ ನೋಡಬೇಕು ಅಂದರೆ ಚಿತ್ರಗಳ ಪ್ರತಿಗಳನ್ನು ಜಗತ್ತಿನ ಹಲವು ಕಡೆಯ ಸರ್ವರ್‌ಗಳಿಂದ ಕಳಿಸುವ ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನ್ ಜೋಡಿಸಿ. ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ದುಡ್ಡು ಕೇಳಿದರೆ ಬೇಡ ಅನ್ನಿ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಅದನ್ನು ಉಚಿತವಾಗಿ ಕೊಡುತ್ತದೆ.

ಕನ್ನಡ ಸರಿಯಾಗಿ ಕಾಣಬೇಕು

ಸೈಟಿನ ಸಿದ್ಧ ವಿನ್ಯಾಸಗಳಾದ ಥೀಮ್‌ಗಳ ಡೆಮೊ ಎಲ್ಲ ಇಂಗ್ಲಿಷಿನಲ್ಲಿರುತ್ತದೆ. ಚೆಂದ ಕಂಡಿತು ಅಂತ ಹಾಕಿಕೊಂಡು ಕನ್ನಡ ಶೀರ್ಷಿಕೆ ಕೊಟ್ಟಾಗ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಸಾಲುಗಳ ಅಂತರ ಇಂಗ್ಲಿಷಿಗೆ ತಕ್ಕಂತೆ ಬಿಗಿಯಾಗಿರುವುದೇ ಕಾರಣ. ಥೀಮ್ ಹಾಕಿದ ಕೂಡಲೇ 'ಕುಕ್ಕೆ ಸುಬ್ರಹ್ಮಣ್ಯ' ಅಂತ ಒಂದು ಶೀರ್ಷಿಕೆ ಟೈಪ್ ಮಾಡಿ ನೋಡಿ. ಕತ್ತರಿಸಿದರೆ ಲೈನ್ ಹೈಟ್ 1.6ಕ್ಕೆ ಏರಿಸಿ. ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಹಾಕಬಹುದು, ಎರಡೂ ಉಚಿತ.

ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. 'ಹಂಪಿ' ಎಂಬ ಎರಡಕ್ಷರದ ಪದ ವಿಳಾಸದಲ್ಲಿ ಶೇಕಡಾ ಗುರುತುಗಳು ತುಂಬಿದ 36 ಚಿಹ್ನೆಗಳಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ವೈರಸ್ ಲಿಂಕ್ ಅಂತ ಯಾರೂ ಒತ್ತುವುದಿಲ್ಲ.

ಬ್ಯಾಕಪ್, ಆಮೇಲೆ ಪರೀಕ್ಷೆ

ಹೋಸ್ಟಿಂಗ್ ಕಂಪನಿಯ ಬ್ಯಾಕಪ್ ಅವರ ಹತ್ತಿರವೇ ಇರುತ್ತದೆ, ಅವರ ಬಾಗಿಲು ಮುಚ್ಚಿದರೆ ಅದೂ ಹೋಯಿತು. ತಿಂಗಳಿಗೊಮ್ಮೆ ಸೈಟಿನ ಫೈಲುಗಳನ್ನೂ ಡೇಟಾಬೇಸನ್ನೂ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮೂಲ ಫೋಟೊಗಳು ಎರಡು ಹಾರ್ಡ್ ಡಿಸ್ಕ್‌ನಲ್ಲಿರಲಿ, ಒಂದು ತಂಗಿಯ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ ಇರಲಿ.

ಎಲ್ಲ ಮುಗಿದ ಮೇಲೆ ಮನೆಯ ವೈಫೈ ಆಫ್ ಮಾಡಿ. ಅಮ್ಮನ ಫೋನೋ ಅಂಗಡಿಯವರ ಹಳೇ ಫೋನೋ ಇಸಿದುಕೊಂಡು, ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೊಬೈಲ್ ಡೇಟಾದಲ್ಲಿ ಸೈಟ್ ತೆರೆಯಿರಿ. ಮೂರು ಸೆಕೆಂಡಿನೊಳಗೆ ಮೊದಲ ಚಿತ್ರ ಕಂಡರೆ ವಿಳಾಸವನ್ನು ಎಲ್ಲರಿಗೂ ಕಳಿಸಿ. ಕಾಣದಿದ್ದರೆ ಆ ಚಿತ್ರವನ್ನು ಮತ್ತೆ ತೆರೆದು 1600 ಪಿಕ್ಸೆಲ್‌ಗೆ ಇಳಿಸಿ ನೋಡಿ.